ಸಾಲಿನಲ್ಲಿ ಮಿಕ್ಕ ಜಾಗ

ಸರ್ಕಾರಿ ಕಚೇರಿಯಿಂದ ಬಂದ ಯಾವುದಾದರೂ ಪತ್ರ ಮನೆಯಲ್ಲಿದ್ದರೆ ತೆಗೆದು ನೋಡಿ. ಮೇಲೆ ನಟ್ಟನಡುವೆ ಕಚೇರಿಯ ಹೆಸರು. ಅದರ ಕೆಳಗೆ ಒಂದೇ ಸಾಲಿನಲ್ಲಿ ಎಡಕ್ಕೆ ‘ಸಂಖ್ಯೆ’, ಬಲಕ್ಕೆ ‘ದಿನಾಂಕ’. ಕೊನೆಯಲ್ಲಿ ಬಲಗಡೆ ಸಹಿ. ಶಾಲೆಯಲ್ಲಿ ‘ಇಂದ’, ‘ಗೆ’ ಎಡಕ್ಕಿರಬೇಕು, ‘ಇತಿ ತಮ್ಮ ವಿಶ್ವಾಸಿ’ ಬಲಕ್ಕಿರಬೇಕು ಎಂದು ಮೇಷ್ಟ್ರು ಅರ್ಧ ಅಂಕ ಕತ್ತರಿಸಿ ಕಲಿಸಿದ್ದೂ ಇದನ್ನೇ. ಕೈಯಲ್ಲಿ ಬರೆಯುವಾಗ ಇದೊಂದು ಕಷ್ಟವೇ ಅಲ್ಲ. ಪೆನ್ನು ಎತ್ತಿ ಬಲಗಡೆ ಊರಿದರಾಯಿತು. ಇದೇ ಮಾತನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ? ಅರವತ್ತು ವರ್ಷಗಳಿಂದ ಇದಕ್ಕೆ ಹತ್ತಾರು ಉತ್ತರ ಬಂದಿವೆ. ಅವುಗಳಲ್ಲಿ ಅತ್ಯಂತ ಜನಪ್ರಿಯವಾದ ಉತ್ತರವೇ ಅತ್ಯಂತ ಕೆಟ್ಟದ್ದು: ಸ್ಪೇಸ್‌ಬಾರ್ ಒತ್ತುತ್ತಾ ಹೋಗುವುದು.

ಒಮ್ಮೆ ನನ್ನ ಕೈಗೆ ಇಂಥ ಇನ್ನೂರು ಚಿಲ್ಲರೆ ಪುಟಗಳ ಕಡತವೊಂದು ಬಂದಿತ್ತು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದದ್ದನ್ನು ಯುನಿಕೋಡಿಗೆ ಬದಲಿಸಿ, ಓರಣ ಮಾಡಿ ಕೊಡಬೇಕಿತ್ತು. ಬದಲಿಸಿದ್ದು ಅರೆನಿಮಿಷದ ಕೆಲಸ. ಆಮೇಲೆ ನೋಡಿದರೆ ಪುಟಪುಟದಲ್ಲೂ ದಿನಾಂಕ ಕೆಳಗಿನ ಸಾಲಿಗೆ ಬಿದ್ದಿದೆ! ‘ದಿನಾಂಕ:’ ಮೇಲೆ, ತಾರೀಖು ಕೆಳಗೆ ಎಡತುದಿಯಲ್ಲಿ. ‘ಸಂಖ್ಯೆ’ಗೂ ‘ದಿನಾಂಕ’ಕ್ಕೂ ನಡುವೆ ಕರ್ಸರ್ ಇಟ್ಟು ಎಣಿಸಿದೆ. ಒಂದು ಪುಟದಲ್ಲಿ ಮೂವತ್ತೇಳು ಖಾಲಿ ಸ್ಪೇಸ್, ಇನ್ನೊಂದರಲ್ಲಿ ನಲವತ್ತೊಂದು, ಮತ್ತೊಂದರಲ್ಲಿ ಎರಡು ಟ್ಯಾಬ್ ಜೊತೆಗೆ ಒಂಬತ್ತು ಸ್ಪೇಸ್. ಟೈಪ್ ಮಾಡಿದವರು ಕಣ್ಣಳತೆಯಲ್ಲಿ ಒತ್ತಿದ್ದರು. ಹೊಸ ಫಾಂಟಿನ ಅಕ್ಷರಗಳು ಅಗಲವಾದ್ದರಿಂದ ಆ ಅಳತೆಯೆಲ್ಲ ಕೆಟ್ಟಿತು. ತಪ್ಪು ಅವರದೆಂದು ನನಗೆ ಅನ್ನಿಸಲಿಲ್ಲ. ಪರದೆಯ ಮೇಲಿನ ನಾಲ್ಕು ಬಟನ್‌ಗಳಲ್ಲಿ — ಎಡ, ನಡು, ಬಲ, ಜಸ್ಟಿಫೈ — ಅವರಿಗೆ ಬೇಕಾದದ್ದು ಇರಲೇ ಇಲ್ಲ. ಆ ಬಟನ್‌ಗಳು ಇಡೀ ಪ್ಯಾರಾವನ್ನು ತಳ್ಳುತ್ತವೆ. ಸಾಲಿನ ಅರ್ಧವನ್ನು ಎಡಕ್ಕೂ ಇನ್ನರ್ಧವನ್ನು ಬಲಕ್ಕೂ ತಳ್ಳುವ ಬಟನ್ ಅಲ್ಲಿಲ್ಲ.

ಪುಟ ಕಟ್ಟುವ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಮನದಟ್ಟಾದದ್ದು ಒಂದೇ. ಅಕ್ಷರಗಳನ್ನು ಎಲ್ಲಿ ಕೂರಿಸಬೇಕು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅಕ್ಷರಗಳು ಕೂತ ಮೇಲೆ ಸಾಲಿನಲ್ಲಿ ಮಿಕ್ಕ ಜಾಗವನ್ನು ಯಾರಿಗೆ ಹಂಚಬೇಕು ಎಂಬುದೇ ಪ್ರಶ್ನೆ. ಮಿಕ್ಕದ್ದನ್ನೆಲ್ಲ ಕೊನೆಗೆ ಬಿಟ್ಟರೆ ಎಡಸಾಲು, ಮೊದಲಿಗೆ ಬಿಟ್ಟರೆ ಬಲಸಾಲು, ಎರಡು ಕಡೆಗೂ ಸಮನಾಗಿ ಹಂಚಿದರೆ ನಡುಸಾಲು, ಪದಗಳ ನಡುವಿನ ಸಂದುಗಳಿಗೆಲ್ಲ ಹಂಚಿದರೆ ಜಸ್ಟಿಫೈ. ಒಂದೇ ಸಂದಿಗೆ ಪೂರ್ತಿ ಸುರಿದರೆ ‘ಸಂಖ್ಯೆ’ ಒಂದು ದಡ, ‘ದಿನಾಂಕ’ ಇನ್ನೊಂದು ದಡ. ಈ ಮಿಕ್ಕ ಜಾಗಕ್ಕೆ ಒಂದು ಹೆಸರು ಕೊಟ್ಟ ಪುಟವಿನ್ಯಾಸದ ಕಂಪ್ಯೂಟರ್ ಭಾಷೆಗಳು ಗೆದ್ದವು. ಎಡ–ಬಲ ಎಂದಷ್ಟೇ ಹೇಳಿ ಜಾಗದ ಮಾತೆತ್ತದ ಭಾಷೆಗಳು ಜನರನ್ನು ಸ್ಪೇಸ್‌ಬಾರಿಗೆ ದೂಡಿದವು.

ನಮ್ಮ ಹಿಂದಿನವರಿಗೆ ಈ ತಲೆನೋವು ಇರಲಿಲ್ಲ. ಶಾಸನ ಕೆತ್ತುವವನು ಕಲ್ಲಿನ ಅಂಚು ಬಂದಲ್ಲಿ ಪದವನ್ನು ಅಕ್ಷರದ ಗಡಿಯಲ್ಲಿ ತುಂಡರಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದ. ತಾಳೆಗರಿಯ ಲಿಪಿಕಾರನೂ ಹಾಗೆಯೇ. ಪದಪದಕ್ಕೆ ಸಂದು ಬಿಡುವ ರೂಢಿಯೇ ಇಲ್ಲದ್ದರಿಂದ ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರ ತುಂಬಿ, ದಾರದ ತೂತಿನ ಸುತ್ತ ಒಂದಿಷ್ಟು ಖಾಲಿ ಬಿಟ್ಟರೆ ಮುಗಿಯಿತು. ಎರಡೂ ಅಂಚು ತಾನಾಗಿ ಸಮ. ತೊಡಕು ಶುರುವಾದದ್ದು ಪದಗಳ ನಡುವೆ ಬಿಳಿ ಬಿಟ್ಟು, ಅಂಚೂ ಸಮವಾಗಿರಲಿ ಎಂದು ಆಸೆಪಟ್ಟಾಗ.

ಯುರೋಪಿನಲ್ಲಿ ಆ ಆಸೆಗೆ ತುಂಬ ಬೆಲೆ ತೆತ್ತವನು ಗುಟೆನ್‌ಬರ್ಗ್. 1450ರ ದಶಕದಲ್ಲಿ ಮೈಂಜ್ ನಗರದಲ್ಲಿ ಅಚ್ಚಾದ ಅವನ 42 ಸಾಲಿನ ಬೈಬಲ್ಲಿಗೆ ಸುಮಾರು 290 ಬಗೆಯ ಅಚ್ಚುಮೊಳೆಗಳಿದ್ದವು. ಲ್ಯಾಟಿನ್ ಅಕ್ಷರಮಾಲೆಗೆ ಅಷ್ಟು ಬೇಕಿಲ್ಲ. ಕೂಡಕ್ಷರಗಳು, ಪದಗಳ ಸಂಕ್ಷೇಪಗಳು ಸೇರಿ ಆ ಲೆಕ್ಕ ಅಷ್ಟಾಯಿತು. ಸಾಲು ಉದ್ದವಾದರೆ ಸಂಕ್ಷೇಪ ಹಾಕು, ಗಿಡ್ಡವಾದರೆ ಪದವನ್ನು ಪೂರ್ತಿ ಬಿಡಿಸು. ಪದ ಒಡೆದಾಗ ಬರುವ ಗೆರೆಯನ್ನು ಅಂಚಿನ ಹೊರಗೆ ತೂಗುಹಾಕು. ಅವನು ಜಾಗವನ್ನು ಮಾತ್ರ ಹಿಗ್ಗಿಸದೆ ಪಠ್ಯವನ್ನೇ ಹಿಗ್ಗಿಸಿ ಕುಗ್ಗಿಸಿದ.

ಆಮೇಲಿನ ನಾಲ್ಕು ಶತಮಾನ ಕಂಪೋಸಿಟರುಗಳ ಬೆರಳುಗಳದು. ನಮ್ಮಲ್ಲೂ ಮೊಳೆ ಜೋಡಿಸುವ ಕಾಲ ಕಂಡವರು ಇನ್ನೂ ಇದ್ದಾರೆ. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಮನೆಗಳ ಮೇಲೆ. ಸಾಲಿನ ಕೊನೆಗೆ ಬಂದಾಗ ಮಿಕ್ಕಷ್ಟು ಜಾಗಕ್ಕೆ ತೆಳುವಾದ ಸೀಸದ ಚೂರುಗಳನ್ನು ಪದಗಳ ನಡುವೆ ತುರುಕಿ, ಸಾಲು ಅಲ್ಲಾಡದಂತೆ ಬಿಗಿ ಮಾಡುವುದು. ಸಡಿಲವಿದ್ದರೆ ಅಚ್ಚಿನ ನಡುವೆ ಮೊಳೆ ಉದುರುತ್ತದೆ. ಅಂದರೆ ಆಗ ಬಿಳಿಗೂ ತೂಕವಿತ್ತು, ಅದೂ ಒಂದು ವಸ್ತು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಈ ತುರುಕುವ ಕೆಲಸವನ್ನು ಯಂತ್ರಕ್ಕೆ ಕಲಿಸಿದ್ದು 1886ರಲ್ಲಿ ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸಕ್ಕಿಳಿದ ಒಟ್‌ಮಾರ್ ಮರ್ಗೆಂಥಾಲರನ ಲೈನೋಟೈಪ್. ಅದರಲ್ಲಿ ಪದಗಳ ನಡುವೆ ಬೀಳುತ್ತಿದ್ದದ್ದು ಬೆಣೆಯಾಕಾರದ ಲೋಹದ ಪಟ್ಟಿ. ಸಾಲು ಮುಗಿದೊಡನೆ ಎಲ್ಲ ಬೆಣೆಗಳನ್ನೂ ಕೆಳಗಿನಿಂದ ಒಟ್ಟಿಗೆ ತಳ್ಳಿದರೆ ಎಲ್ಲ ಸಂದುಗಳೂ ಸಮನಾಗಿ ಅಗಲವಾಗಿ ಸಾಲು ತುಂಬಿಕೊಳ್ಳುತ್ತದೆ. ಲೆಕ್ಕವಿಲ್ಲ, ಬರೀ ಬೆಣೆ. ಮಾನೊಟೈಪ್ ಎಂಬ ಇನ್ನೊಂದು ಯಂತ್ರ ಇದಕ್ಕೆ ತದ್ವಿರುದ್ಧ, ಪೂರ್ತಿ ಲೆಕ್ಕ. ಕೀಲಿಮಣೆ ಪ್ರತಿ ಅಕ್ಷರದ ಅಗಲ ಕೂಡಿಸಿ, ಸಾಲಿನ ಕೊನೆಯಲ್ಲಿ ಸಂದಿನ ಅಳತೆಯನ್ನು ಕಾಗದದ ಸುರುಳಿಯಲ್ಲಿ ತೂತು ಮಾಡುತ್ತಿತ್ತು. ಎರಕದ ಯಂತ್ರ ಆ ಸುರುಳಿಯನ್ನು ಹಿಂದುಮುಂದಾಗಿ ಓದುತ್ತಿತ್ತು. ಕೊನೆಯಿಂದ ಓದಿದರೆ ತಾನೇ ಅಳತೆ ಮೊದಲು ಸಿಕ್ಕುವುದು!

ಕಂಪ್ಯೂಟರಿನ ಕಥೆ 1964ಕ್ಕೆ ಶುರು. ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ಬರೆದ ರನಾಫ್ ಎಂಬ ಪ್ರೋಗ್ರಾಂ, ಪಠ್ಯದ ನಡುವೆ ಚುಕ್ಕಿಯಿಂದ ಶುರುವಾಗುವ ಸಾಲುಗಳನ್ನು ಅಪ್ಪಣೆಗಳೆಂದು ಓದುತ್ತಿತ್ತು. ಇದನ್ನು ನಡುವೆ ಇಡು, ಇಲ್ಲಿಂದ ಅಂಚು ಸಮಮಾಡು, ಇಲ್ಲಿಗೆ ನಿಲ್ಲಿಸು ಎಂಬಂಥವು. ಪುಟ ವಿನ್ಯಾಸದ ಮಾರ್ಕಪ್ ಭಾಷೆಗಳ ದೊಡ್ಡ ವಂಶವೊಂದಕ್ಕೆ ಅದೇ ಮೂಲಪುರುಷ. ಅದರ ಮಕ್ಕಳು ಮೊಮ್ಮಕ್ಕಳು ಯುನಿಕ್ಸ್ ಲೋಕದ ರೋಫ್, ಎನ್‌ರೋಫ್, ಟ್ರೋಫ್. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಜೋ ಒಸ್ಸಾನ ಟ್ರೋಫನ್ನು ಫೋಟೋ ಟೈಪ್‌ಸೆಟಿಂಗ್ ಯಂತ್ರಕ್ಕಾಗಿ ಬರೆದ. ಎನ್‌ರೋಫ್ ಟೈಪ್‌ರೈಟರ್ ಥರದ ಟರ್ಮಿನಲ್ಲಿಗೆ. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ, ಅರ್ಧ ಸ್ಪೇಸ್ ಎಂಬುದಿಲ್ಲ. ಹಾಗಾಗಿ ಮಿಕ್ಕ ಜಾಗವನ್ನು ಇಡಿ ಸ್ಪೇಸುಗಳಾಗಿಯೇ ಹಂಚಬೇಕು. ಎಲ್ಲ ಸಾಲಲ್ಲೂ ಎಡದಿಂದಲೇ ಹಂಚಿದರೆ ಪುಟದ ಎಡಭಾಗ ಬೆಳ್ಳಗಾಗುತ್ತದೆ. ಅದಕ್ಕೆ ಒಂದು ಸಾಲಿಗೆ ಎಡದಿಂದ, ಮುಂದಿನದಕ್ಕೆ ಬಲದಿಂದ ಹಂಚುತ್ತಾ ಹೋಗುವ ಉಪಾಯ ಮಾಡಿದ್ದರು. ಪಂಕ್ತಿಯಲ್ಲಿ ಪಾಯಸ ಬಡಿಸುವವರು ಒಮ್ಮೆ ಈ ತುದಿಯಿಂದ, ಒಮ್ಮೆ ಆ ತುದಿಯಿಂದ ಶುರುಮಾಡುವ ಹಾಗೆ.

ಟ್ರೋಫಿನಲ್ಲಿ ನಮ್ಮ ‘ಸಂಖ್ಯೆ–ದಿನಾಂಕ’ ಸಾಲಿಗೆ ಅಂದೇ ಉತ್ತರವಿತ್ತು. ‘ಟಿಎಲ್’ ಎಂಬ ಅಪ್ಪಣೆ ಮೂರು ತುಂಡುಗಳನ್ನು ಕೇಳುತ್ತದೆ: ಎಡದ್ದು, ನಡುವಿನದು, ಬಲದ್ದು. ಯಾವುದನ್ನಾದರೂ ಖಾಲಿ ಬಿಡಬಹುದು. ಇಂದಿಗೂ ಲಿನಕ್ಸ್ ಗಣಕದಲ್ಲಿ ಯಾವುದೇ ಕಮ್ಯಾಂಡಿನ ಕೈಪಿಡಿ ಪುಟ ತೆರೆದರೆ ನೆತ್ತಿಯ ಮೇಲೆ ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು ಬರಹ ಕಾಣುತ್ತದಲ್ಲ, ಅದು ಈ ಮನೆತನದ ಬಳುವಳಿ. ಐವತ್ತು ವರ್ಷ ದಾಟಿದರೂ ಈ ಮೂರು ತುಂಡಿನ ಉಪಾಯಕ್ಕೆ ಮುಪ್ಪು ಬಂದಿಲ್ಲ.

ಈ ಪ್ರಶ್ನೆಯನ್ನು ಬುಡದಿಂದ ಅರ್ಥಮಾಡಿಕೊಂಡವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ತಮ್ಮ ಪುಸ್ತಕಮಾಲೆಯ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡು 1977ರಲ್ಲಿ ಕೈಸೇರಿದಾಗ ಅದರ ಅಂದಗೇಡಿತನ ಕಂಡು ಬೇಸತ್ತು, ತಾವೇ ಅಕ್ಷರ ಜೋಡಿಸುವ ವ್ಯವಸ್ಥೆಯೊಂದನ್ನು ಕಟ್ಟಲು ಕೂತರು. ಅದೇ ಟೆಕ್. ಅದರಲ್ಲಿ ಪುಟವೆಂದರೆ ಪೆಟ್ಟಿಗೆಗಳು ಮತ್ತು ಅವುಗಳ ನಡುವಿನ ‘ಗ್ಲೂ’. ಹೆಸರು ಅಂಟು ಎಂದಿದ್ದರೂ ಗುಣ ಸ್ಪ್ರಿಂಗಿನದು. ಕ್ನೂತ್ ಅವರೇ ಅದನ್ನು ಒಪ್ಪಿಕೊಂಡಿದ್ದಾರೆ. ಪ್ರತಿ ಗ್ಲೂವಿಗೂ ಒಂದು ಸಹಜ ಅಗಲ, ಇಷ್ಟು ಹಿಗ್ಗಬಹುದು, ಇಷ್ಟು ಕುಗ್ಗಬಹುದು ಎಂಬ ಮೂರು ಅಳತೆ. ‘ಎಚ್‌ಫಿಲ್’ ಎಂಬ ಗ್ಲೂ ಎಷ್ಟು ಬೇಕಾದರೂ ಹಿಗ್ಗುತ್ತದೆ. ಅದನ್ನು ಸಾಲಿನ ಕೊನೆಗಿಟ್ಟರೆ ಎಡಸಾಲು, ಮೊದಲಿಗಿಟ್ಟರೆ ಬಲಸಾಲು, ಎರಡೂ ಕಡೆ ಇಟ್ಟರೆ ನಡುಸಾಲು, ನಡುವೆ ಒಂದು ಇಟ್ಟರೆ ಸಂಖ್ಯೆ ಒಂದು ಕಡೆ, ದಿನಾಂಕ ಒಂದು ಕಡೆ. ನಾಲ್ಕು ಬೇರೆಬೇರೆ ಅಪ್ಪಣೆಗಳೆಂದು ಜಗತ್ತು ತಿಳಿದಿದ್ದದ್ದು ಒಂದೇ ಸ್ಪ್ರಿಂಗನ್ನು ನಾಲ್ಕು ಕಡೆ ಇಡುವ ಆಟವಾಗಿಬಿಟ್ಟಿತು. ಕಂಪೋಸಿಟರನ ಕಾಲದಲ್ಲಿ ಬಿಳಿಗೆ ತೂಕವಿತ್ತು ಎಂದೆನಲ್ಲ, ಕ್ನೂತ್ ಆ ತೂಕವನ್ನು ಕಂಪ್ಯೂಟರಿಗೆ ತಂದರು.

ಇಲ್ಲಿ ಒಂದು ಸೂಕ್ಷ್ಮವಿದೆ, ಪಳಗಿದವರೂ ಎಡವುವ ಜಾಗ. ಒಂದು ಸಾಲಿನಲ್ಲಿ ಎಡಕ್ಕೆ ಇಪ್ಪತ್ತು ಅಕ್ಷರದ ಕಡತ ಸಂಖ್ಯೆ, ಬಲಕ್ಕೆ ಎಂಟು ಅಕ್ಷರದ ತಾರೀಖು, ನಡುವೆ ‘ಗೋಪ್ಯ’ ಎಂಬ ಪದ ಬೇಕು ಅನ್ನಿ. ಎರಡು ಸಂದುಗಳಿಗೂ ಒಂದೊಂದು ಸ್ಪ್ರಿಂಗ್ ಹಾಕಿದರೆ ಸಂದುಗಳು ಸಮವಾಗುತ್ತವೆ, ನಿಜ. ಆದರೆ ‘ಗೋಪ್ಯ’ ಪುಟದ ನಟ್ಟನಡುವೆ ಬರುವುದಿಲ್ಲ. ಇಪ್ಪತ್ತಕ್ಕೂ ಎಂಟಕ್ಕೂ ಹನ್ನೆರಡರ ವ್ಯತ್ಯಾಸ. ಅದರ ಅರ್ಧ, ಅಂದರೆ ಆರು ಅಕ್ಷರದಷ್ಟು ಬಲಕ್ಕೆ ಸರಿದು ಕೂರುತ್ತದೆ. ಮೇಲಿನ ಕಚೇರಿಯ ಹೆಸರು ನಿಜವಾದ ನಡುವಿನಲ್ಲಿರುವುದರಿಂದ ಈ ಓರೆ ಕಣ್ಣಿಗೆ ಚುಚ್ಚುತ್ತದೆ. ಟ್ರೋಫಿನ ಮೂರು ತುಂಡಿನ ಅಪ್ಪಣೆ ಅಕ್ಕಪಕ್ಕದವರ ಗಾತ್ರ ನೋಡದೆ ನಡುವಿನದನ್ನು ನಡುವೆಯೇ ಇಡುತ್ತದೆ. ಟೆಕ್‌ನಲ್ಲಿ ಹಾಗಾಗಬೇಕಾದರೆ ಎಡ–ಬಲದ ತುಂಡುಗಳಿಗೆ ಅಗಲವೇ ಇಲ್ಲವೆಂದು ಸುಳ್ಳು ಹೇಳಬೇಕು. ಅದಕ್ಕೂ ಅಲ್ಲಿ ಅಪ್ಪಣೆಗಳಿವೆ. ಸಂದು ಸಮವಿರಬೇಕೋ, ನಡು ನಡುವಾಗಿರಬೇಕೋ? ಎರಡೂ ಒಟ್ಟಿಗೆ ಸಿಕ್ಕುವುದು ಎಡ–ಬಲ ಸರಿಸಮವಿದ್ದಾಗ ಮಾತ್ರ. ಲಗ್ನಪತ್ರಿಕೆಯ ನೆತ್ತಿಯಲ್ಲಿ ಎರಡು ಕಡೆಯ ಮನೆದೇವರ ಹೆಸರು, ನಡುವೆ ‘ಶ್ರೀ’ ಹಾಕುವವರು ಇದನ್ನು ನೆನಪಿಡಬೇಕು. ಒಂದು ದೇವರ ಹೆಸರು ಉದ್ದವಾದರೆ ‘ಶ್ರೀ’ ಜರುಗುತ್ತದೆ, ಬೀಗರ ಕಣ್ಣಿಗೆ ಬೀಳುತ್ತದೆ.

ಈ ಹಿನ್ನೆಲೆಯಲ್ಲಿ ಜಾಲಪುಟಗಳ ಕಥೆ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಹುಟ್ಟಿದಾಗ ಅದಕ್ಕೆ ಅಂದಚೆಂದದ ಹಂಬಲವಿರಲಿಲ್ಲ. ಇದು ಶೀರ್ಷಿಕೆ, ಇದು ಪ್ಯಾರಾ ಎಂದು ಗುರುತು ಮಾಡುವುದಷ್ಟೇ ಅದರ ಕೆಲಸ. ಜನಕ್ಕೆ ನಡುಸಾಲು ಬೇಕಾಯಿತು. ನೆಟ್‌ಸ್ಕೇಪ್ ಕಂಪನಿ 1994ರ ಸುಮಾರಿಗೆ ‘ಸೆಂಟರ್’ ಎಂಬ ಟ್ಯಾಗನ್ನು ತಾನೇ ತಂದಿತು. 1997ರ ಜನವರಿಯಲ್ಲಿ ಹೊರಟ ಎಚ್‌ಟಿಎಂಎಲ್ 3.2 ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 4.0 ಅದನ್ನು ಬಳಸಬೇಡಿ ಎಂದಿತು! 2014ರ ಎಚ್‌ಟಿಎಂಎಲ್ 5 ಅದನ್ನು ಹೊರಗೇ ಹಾಕಿತು. ಹಾಗಿದ್ದೂ ಇವತ್ತು ಬರೆದುನೋಡಿ, ಬ್ರೌಸರುಗಳು ಚಾಚೂ ತಪ್ಪದೆ ಪಾಲಿಸುತ್ತವೆ. ಕಾನೂನಿನಲ್ಲಿಲ್ಲ, ಚಾಲ್ತಿಯಲ್ಲಿದೆ.

ಅಷ್ಟರಲ್ಲಿ 1996ರ ಡಿಸೆಂಬರಿನಲ್ಲಿ, ಜಾಲಪುಟಗಳ ಅಂದಚೆಂದ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿ ಬಂದಿತ್ತು. ಹೋಕೊನ್ ವಿಯುಮ್ ಲೀ, ಬರ್ಟ್ ಬೋಸ್ ಇದರ ಕರ್ತೃಗಳು. ‘ಟೆಕ್ಸ್ಟ್-ಅಲೈನ್’ ಎಂಬ ಗುಣಕ್ಕೆ ನಾಲ್ಕು ಬೆಲೆ: ಎಡ, ಬಲ, ನಡು, ಜಸ್ಟಿಫೈ. ಅಂದರೆ ಅದೇ ನಾಲ್ಕು ಬಟನ್. ಇದೂ ಇಡೀ ಪ್ಯಾರಾಕ್ಕೆ ಅನ್ವಯವಾಗುವಂಥದು, ಸಾಲಿನ ತುಂಡಿಗಲ್ಲ. ಒಂದೇ ಸಾಲಿನಲ್ಲಿ ಎರಡು ಕಡೆ ಬೇಕೆಂದವರಿಗೆ ಸ್ಪೇಸ್‌ಬಾರ್ ಕೂಡ ಕೈಕೊಟ್ಟಿತು. ಎಚ್‌ಟಿಎಂಎಲ್‌ನಲ್ಲಿ ಐವತ್ತು ಸ್ಪೇಸ್ ಒತ್ತಿದರೂ ಬ್ರೌಸರ್ ಅದನ್ನು ಒಂದೇ ಸ್ಪೇಸಾಗಿ ಮಡಚಿಬಿಡುತ್ತದೆ. ಟ್ಯಾಬ್ ನಿಲ್ದಾಣಗಳೂ ಅಲ್ಲಿಲ್ಲ. ಜನ ಸುಮ್ಮನಿದ್ದಾರೆಯೇ? ಮಡಚದ ಸ್ಪೇಸಿನ ಸಂಕೇತವನ್ನು ಸಾಲುಗಟ್ಟಿ ಬರೆದರು. ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ಲಿನ ಜಿಫ್ ಚಿತ್ರವನ್ನು ಬೇಕಾದಷ್ಟು ಅಗಲಕ್ಕೆ ಎಳೆದು ಬೆಣೆಯಾಗಿ ಹೊಡೆದರು. ಅಂಚಿಲ್ಲದ ಕೋಷ್ಟಕ ಹಾಕಿ ಎಡ ಮನೆಯಲ್ಲಿ ಸಂಖ್ಯೆ, ಬಲ ಮನೆಯಲ್ಲಿ ದಿನಾಂಕ ಕೂರಿಸಿದರು. ಆಮೇಲೆ ‘ಫ್ಲೋಟ್’ ಬಳಸಿದರು. ಚಿತ್ರದ ಪಕ್ಕ ಪಠ್ಯ ಹರಿಯಲೆಂದು ಮಾಡಿದ ಸೌಕರ್ಯದಲ್ಲಿ ಎಷ್ಟೋ ಜಾಲತಾಣಗಳ ಪುಟವಿನ್ಯಾಸ ವರ್ಷಗಟ್ಟಲೆ ನಿಂತಿತ್ತು.

ಕೊನೆಗೆ ಸಿಎಸ್‌ಎಸ್‌ಗೆ ಬಂದದ್ದು ಫ್ಲೆಕ್ಸ್‌ಬಾಕ್ಸ್, ಅದರ ಹಿಂದೆಯೇ ಗ್ರಿಡ್. ಫ್ಲೆಕ್ಸ್‌ನಲ್ಲಿ ‘ಸ್ಪೇಸ್-ಬಿಟ್ವೀನ್’ ಎಂದರೆ ಮಿಕ್ಕ ಜಾಗವನ್ನೆಲ್ಲ ತುಂಡುಗಳ ನಡುವೆ ಹಂಚು ಎಂದರ್ಥ. ನೋಡಿ, ಹೆಸರಿನಲ್ಲೇ ಜಾಗ ಬಂತು. ಕ್ನೂತ್ 1978ರಲ್ಲಿ ಕೊಟ್ಟದ್ದಕ್ಕೆ ಜಾಲ ಮೂವತ್ತೈದು ವರ್ಷ ತಡವಾಗಿ ಬಂದು ಸೇರಿತು. ಟೆಕ್‌ನ ಆ ಓರೆನಡುವಿನ ಕಾಯಿಲೆಯೂ ಜೊತೆಗೇ ಬಂತು. ಮೂರು ತುಂಡಿದ್ದರೆ ನಡುವಿನದು ಜರುಗುತ್ತದೆ. ಅದಕ್ಕೆ ಮದ್ದು ಗ್ರಿಡ್‌ನಲ್ಲಿದೆ. ಎಡ–ಬಲದ ಎರಡು ಕಂಬಗಳಿಗೂ ಸಮಪಾಲು ಜಾಗ ಕೊಟ್ಟು, ನಡುವಿನದಕ್ಕೆ ಅದರ ಅಗಲದಷ್ಟೇ ಬಿಟ್ಟರೆ ಟ್ರೋಫಿನ ಫಲಿತಾಂಶವೇ ಸಿಕ್ಕುತ್ತದೆ.

ಎಡ–ಬಲ ಎಂಬ ಪದಗಳೇ ತೊಡಕು ಎಂದು ತಿಳಿಯಲೂ ಜಾಲಕ್ಕೆ ಸಮಯ ಹಿಡಿಯಿತು. ಬೆಂಗಳೂರಿನ ಉರ್ದು ಪತ್ರಿಕೆಯ ಓದುಗನಿಗೆ ಸಾಲು ಶುರುವಾಗುವುದೇ ಬಲದಿಂದ. ಈಗ ಸಿಎಸ್‌ಎಸ್‌ನಲ್ಲಿ ‘ಸ್ಟಾರ್ಟ್’, ‘ಎಂಡ್’ ಎಂದು ಬರೆಯಬಹುದು: ಮೊದಲು, ಕೊನೆ. ಭಾಷೆ ಬದಲಾದರೆ ದಿಕ್ಕೂ ತಾನಾಗಿ ಬದಲಾಗುತ್ತದೆ.

ಇನ್ನೂ ಬಗೆಹರಿಯದ ಎರಡು ಸಣ್ಣ ಬಾಕಿಗಳಿವೆ. ಪರಿವಿಡಿಯಲ್ಲಿ ಅಧ್ಯಾಯದ ಹೆಸರಿನಿಂದ ಪುಟಸಂಖ್ಯೆಯವರೆಗೆ ಓಡುವ ಚುಕ್ಕಿಸಾಲು ಒಂದು. ಟೆಕ್ ಕೊಡುತ್ತದೆ, ವರ್ಡ್ ಬಲ ಟ್ಯಾಬಿನ ಜೊತೆ ಕೊಡುತ್ತದೆ, ಸಿಎಸ್‌ಎಸ್‌ನ ಕರಡಿನಲ್ಲೂ ಇದೆ, ಬ್ರೌಸರುಗಳು ಮಾತ್ರ ಕೊಡುವುದಿಲ್ಲ. ಇನ್ನೊಂದು, ರೂಪಾಯಿ–ಪೈಸೆಯ ಚುಕ್ಕಿಗಳು ಒಂದರ ಕೆಳಗೊಂದು ಬರುವಂತೆ ಜೋಡಿಸುವುದು. ಎಚ್‌ಟಿಎಂಎಲ್ 4ರ ಕೋಷ್ಟಕದಲ್ಲಿ ಇದಕ್ಕೆಂದೇ ಒಂದು ಗುಣವನ್ನು ಬರೆದಿಟ್ಟಿದ್ದರು. ಮುಖ್ಯ ಬ್ರೌಸರುಗಳು ಅದನ್ನು ಮೂಸಿಯೂ ನೋಡಲಿಲ್ಲ. ಎಚ್‌ಟಿಎಂಎಲ್ 5ರಲ್ಲಿ ಅದನ್ನೂ ಕೈಬಿಟ್ಟರು. ಕಿರಾಣಿ ಅಂಗಡಿಯ ಚೀಟಿಯಲ್ಲಿ ಶೆಟ್ಟರು ಕೈಯಲ್ಲೇ ಮಾಡುವ ಕೆಲಸ ಇದು. ಸರಳ ಪಠ್ಯಕ್ಕೆಂದು ಜಾನ್ ಗ್ರೂಬರ್ 2004ರಲ್ಲಿ ತಂದ ಗುರುತುಭಾಷೆ ಮಾರ್ಕ್‌ಡೌನ್ ಜೋಡಣೆಯ ಗೋಜಿಗೇ ಹೋಗಲಿಲ್ಲ. ಆಮೇಲೆ ಬಂದ ಕೋಷ್ಟಕದ ವಿಸ್ತರಣೆಯಲ್ಲಿ ಮಾತ್ರ ತಲೆಸಾಲಿನ ಕೆಳಗಿನ ಗೆರೆಯ ಎಡ, ಬಲ ಅಥವಾ ಎರಡೂ ತುದಿಗೆ ವಿವರಣ ಚಿಹ್ನೆಯ ಜೋಡಿಚುಕ್ಕಿ ಇಟ್ಟು ದಿಕ್ಕು ತೋರಿಸುತ್ತಾರೆ. ಅಷ್ಟು ಸಾಕು ಎನ್ನುವವರಿಗೆ ಅದೇ ಸುಖ.

ಈಗ ಕನ್ನಡಕ್ಕೆ ಬರೋಣ. ನಮ್ಮ ನಿಜವಾದ ಗೋಳು ಜಸ್ಟಿಫೈ.

ಇಂಗ್ಲಿಷಿನಲ್ಲಿ ಸಾಲಿಗೆ ಹತ್ತು ಹನ್ನೆರಡು ಪದ ಹಿಡಿಸುವ ಕಡೆ ಕನ್ನಡಕ್ಕೆ ಐದೋ ಆರೋ. ವಿಭಕ್ತಿ, ಕಾಲ, ಪ್ರತ್ಯಯ ಎಲ್ಲವೂ ಪದದ ಬಾಲಕ್ಕೇ ಅಂಟುತ್ತವೆ. ಸಂಧಿಯಾದರೆ ಎರಡು ಪದ ಸೇರಿ ಒಂದಾಗುತ್ತದೆ. ಪದ ಉದ್ದವಾದಷ್ಟೂ ಸಾಲಿನ ಕೊನೆಯಲ್ಲಿ ಹಿಡಿಸದೆ ಮಿಗುವ ಜಾಗ ಹೆಚ್ಚು, ಅದನ್ನು ಹಂಚಿಕೊಳ್ಳಲು ಇರುವ ಸಂದುಗಳು ಕಮ್ಮಿ. ಪತ್ರಿಕೆಯ ಕಾಲಂ ಒಂದಕ್ಕೆ ಹದಿನಾರು ಅಕ್ಷರ ಹಿಡಿಸುತ್ತದೆ, ಎಲ್ಲ ಅಕ್ಷರಕ್ಕೂ ಸುಮಾರು ಒಂದೇ ಅಗಲ ಎಂದುಕೊಳ್ಳಿ. ಸಾಲು ಹೀಗಿದೆ: ‘ಮುಖ್ಯಮಂತ್ರಿಗಳ ನೇತೃತ್ವದಲ್ಲಿ ನಡೆಸಲಾಗುತ್ತಿದೆ’. ಮೊದಲ ಪದಕ್ಕೆ ಆರು, ಒಂದು ಸಂದು, ಎರಡನೆಯದಕ್ಕೆ ಐದು. ಹನ್ನೆರಡಾಯಿತು. ಮೂರನೆಯದಕ್ಕೆ ಏಳು ಬೇಕು, ಹಿಡಿಸುವುದಿಲ್ಲ. ಮಿಕ್ಕ ನಾಲ್ಕು ಅಕ್ಷರದ ಜಾಗವನ್ನು ನುಂಗಲು ಇರುವುದು ಒಂದೇ ಸಂದು. ಅದೀಗ ಐದು ಅಕ್ಷರದಷ್ಟು ಅಗಲ! ಮುಖ್ಯಮಂತ್ರಿಗಳು ಒಂದು ದಡದಲ್ಲಿ, ನೇತೃತ್ವ ಇನ್ನೊಂದು ದಡದಲ್ಲಿ. ಇಂಥವು ಮೂರು ನಾಲ್ಕು ಸಾಲು ಒಂದರ ಕೆಳಗೊಂದು ಬಂದರೆ ಕಾಲಮಿನ ನಡುವೆ ಬಿಳಿಯ ಹೊಳೆ ಹರಿಯುತ್ತದೆ. ಅದೇ ‘ನಡೆಸಲಾಗುತ್ತಿದೆ’ಯನ್ನು ‘ನಡೆ-’ ಎಂದು ಒಡೆದರೆ? ಹನ್ನೆರಡು, ಒಂದು ಸಂದು, ಎರಡಕ್ಷರ, ಒಂದು ಗೆರೆ. ಸರಿಯಾಗಿ ಹದಿನಾರು. ಸಾಲು ತುಂಬಿತು.

ಅಂದರೆ ಕನ್ನಡದಲ್ಲಿ ಪದ ಒಡೆಯದೆ ಜಸ್ಟಿಫೈ ಮಾಡುವುದು ಅಂದಗೇಡಿ ಕೆಲಸ. ಎಲ್ಲಿ ಒಡೆಯಬೇಕು? ಈ ವಿಷಯದಲ್ಲಿ ನಾವು ಇಂಗ್ಲಿಷಿನವರಿಗಿಂತ ಅದೃಷ್ಟವಂತರು. ಇಂಗ್ಲಿಷ್ ಪದ ಒಡೆಯುವ ನಿಯಮಗಳನ್ನು ಕಂಪ್ಯೂಟರಿಗೆ ಕಲಿಸಲು ಫ್ರಾಂಕ್ ಲಿಯಾಂಗ್ 1983ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಒಂದು ಪಿಎಚ್.ಡಿ. ಮಹಾಪ್ರಬಂಧವನ್ನೇ ಬರೆಯಬೇಕಾಯಿತು. ಕನ್ನಡದಲ್ಲಿ ಅಕ್ಷರವೇ ಗಡಿ. ಒತ್ತಕ್ಷರ, ಗುಣಿತದ ಗುರುತು, ಅನುಸ್ವಾರ, ವಿಸರ್ಗ ಇವು ತಮ್ಮ ಅಕ್ಷರವನ್ನು ಬಿಟ್ಟು ಹೋಗಬಾರದು. ‘ಬಸ್’ ಎಂಬುದನ್ನು ಒಡೆದು ‘ಸ್’ ಒಂದನ್ನೇ ಕೆಳಗೆ ಇಳಿಸಬಾರದು. ಉಳಿದಂತೆ ಎಲ್ಲಿ ಬೇಕಾದರೂ ಒಡೆಯಬಹುದು. ಲಿಯಾಂಗ್ ವಿಧಾನದ ಮಾದರಿಯಲ್ಲೇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಒಡೆಯುವ ನಿಯಮಗಳ ಕಡತಗಳನ್ನು ಮಲಯಾಳದ ಸಂತೋಷ್ ತೊಟ್ಟಿಂಗಲ್ ಮಾಡಿಕೊಟ್ಟಿದ್ದಾರೆ. ಟೆಕ್‌ನಲ್ಲಿ ಅವು ಬಿಟ್ಟಿಯಾಗಿ ಸಿಗುತ್ತವೆ. ಕಲ್ಲು ಕೆತ್ತುವವನ ಹಳೆಯ ನಿಯಮವೇ ಇದು, ಕೊನೆಗೊಂದು ಗೆರೆ ಹೆಚ್ಚು ಅಷ್ಟೆ.

ನಿಯಮ ಸರಿಯಿದ್ದ ಮಾತ್ರಕ್ಕೆ ಅರ್ಥ ಸರಿಯಿರುತ್ತದೆ ಎನ್ನುವ ಹಾಗಿಲ್ಲ. ‘ಸಚಿವರ ಕುರಿತು’ ಎಂಬುದನ್ನು ಸಾಲಿನ ಕೊನೆಯಲ್ಲಿ ‘ಸಚಿವರ ಕುರಿ-’ ಎಂದು ಒಡೆದು ‘ತು’ವನ್ನು ಕೆಳಗಿಳಿಸಿದರೆ ವ್ಯಾಕರಣಕ್ಕೆ ಅಡ್ಡಿಯಿಲ್ಲ, ಸಂಪಾದಕರಿಗೆ ಇದೆ. ಅದಕ್ಕೇ ಎರಡು ಅಕ್ಷರವನ್ನಾದರೂ ಕೆಳಗೆ ಇಳಿಸಬೇಕು ಎಂಬ ಮಿತಿ ಇಟ್ಟುಕೊಳ್ಳುವುದು ಒಳ್ಳೆಯದು. ಉಳಿದದ್ದಕ್ಕೆ ಕರಡು ತಿದ್ದುವವರ ಕಣ್ಣೇ ಗತಿ.

ಹಳೆಯ ಡಿಟಿಪಿ ಕಾಲದಲ್ಲಿ ಇದಕ್ಕಿಂತ ಘೋರವಾದದ್ದು ನಡೆಯುತ್ತಿತ್ತು. ಯುನಿಕೋಡ್ ಪೂರ್ವದ ಫಾಂಟುಗಳಲ್ಲಿ ‘ಕೋ’ ಎಂಬುದು ಒಂದು ಅಕ್ಷರವಾಗಿರಲಿಲ್ಲ. ಎತ್ವ ಸೇರಿದ ಕ, ಅದರ ಪಕ್ಕ ಕೊಂಬು, ಅದರ ಪಕ್ಕ ದೀರ್ಘ ಎಂಬ ಬಿಡಿ ಚೂರುಗಳು. ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರಿಗೆ ಅವು ಮೂರು ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತಿದ್ದವು. ಸಾಲು ತುಂಬಿಸಲು ಅಕ್ಷರಗಳ ನಡುವೆಯೂ ಜಾಗ ಬಿಡು ಎಂದು ಅಪ್ಪಣೆಯಿದ್ದರೆ, ಅಥವಾ ಕೊನೆಯ ಸಾಲನ್ನೂ ಎಳೆಯುವ ಫೋರ್ಸ್ ಜಸ್ಟಿಫೈ ಒತ್ತಿದರೆ, ದೀರ್ಘ ತನ್ನ ಅಕ್ಷರವನ್ನು ಬಿಟ್ಟು ಮಾರು ದೂರ ನಿಲ್ಲುತ್ತಿತ್ತು. ಒತ್ತು ಪಕ್ಕದ ಮನೆಯ ಅಕ್ಷರದ ಕೆಳಗೆ ತೂಗುತ್ತಿತ್ತು. ಹೈಫನೇಷನ್ ಬಟನ್ ಒತ್ತಿದ್ದರಂತೂ ಕೇಳಬೇಡಿ, ಇಂಗ್ಲಿಷಿನ ನಿಯಮದಲ್ಲಿ ಕನ್ನಡದ ಕೊಂಬು ಮುರಿಯುತ್ತಿತ್ತು. ಆ ಭಯಕ್ಕೆ ಪುಟ ಕಟ್ಟುವವರು ಹೈಫನೇಷನನ್ನು ಶಾಶ್ವತವಾಗಿ ಆಫ್ ಮಾಡಿದರು. ಭಯದ ಕಾರಣ ಹೋಯಿತು, ರೂಢಿ ಉಳಿಯಿತು. 2012ರ ಇನ್‌ಡಿಸೈನ್ ಸಿಎಸ್ 6ರಿಂದ ಕನ್ನಡದ ಯುನಿಕೋಡ್ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಕಂಪೋಸರ್ ಇದೆ. ಆದರೂ ಹೈಫನೇಷನ್ ಆಫ್, ಜಸ್ಟಿಫೈ ಆನ್. ನಮ್ಮ ಎಷ್ಟೋ ಪುಸ್ತಕಗಳ ಪುಟ ಹಲ್ಲು ಬಿದ್ದ ಬಾಯಿಯಂತೆ ಕಾಣುವುದು ಇದರಿಂದಲೇ.

ಪರದೆಯ ಮೇಲೆ ಇನ್ನೊಂದು ಕೊರತೆ ಸೇರುತ್ತದೆ. ಟೆಕ್ ಇಡೀ ಪ್ಯಾರಾವನ್ನು ನೋಡಿ ಸಾಲು ಮುರಿಯುತ್ತದೆ. ಕ್ನೂತ್ ಮತ್ತು ಮೈಕೇಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನ ಅದು. ಹತ್ತನೆಯ ಸಾಲಿನ ಒಳಿತಿಗಾಗಿ ಎರಡನೆಯ ಸಾಲನ್ನು ತುಸು ಬಿಗಿಮಾಡಬಲ್ಲದು. ಬ್ರೌಸರುಗಳು ಬಹುಕಾಲ ಮಾಡುತ್ತಾ ಬಂದದ್ದು, ಈ ಸಾಲಿಗೆ ಹಿಡಿಸಿದಷ್ಟು ತುಂಬು, ಮುಂದಿನದು ಮುಂದೆ ನೋಡೋಣ ಎಂಬ ರೀತಿ. ತಿಂಗಳ ಮೊದಲ ವಾರದಲ್ಲೇ ಸಂಬಳ ಮುಗಿಸುವವರ ಲೆಕ್ಕಾಚಾರ. 2023ರಿಂದ ಕ್ರೋಮಿನಲ್ಲಿ ‘ಪ್ರೆಟಿ’ ಎಂಬ ಆಯ್ಕೆ ಬಂದು ಪ್ಯಾರಾದ ಕೊನೆಯ ಕೆಲವು ಸಾಲುಗಳನ್ನಾದರೂ ಒಟ್ಟಿಗೆ ನೋಡುತ್ತಿದೆ. ಅದು ಬರೀ ಶುರುವಾತು.

ಎರಡೂ ಅಂಚು ಸಮವಿದ್ದರೇ ಅಚ್ಚುಕಟ್ಟು ಎಂಬುದು ನಂಬಿಕೆಯಷ್ಟೇ. ಇಂಗ್ಲೆಂಡಿನ ಎರಿಕ್ ಗಿಲ್ 1931ರಲ್ಲಿ ಅಚ್ಚಕ್ಷರಗಳ ಮೇಲೆ ಬರೆದ ಪುಸ್ತಕವನ್ನು ಬಲ ಅಂಚು ಸಮಮಾಡದೆಯೇ ಅಚ್ಚುಹಾಕಿಸಿದ. ಸಾಲುಗಳ ಉದ್ದ ಸಮವಿರುವುದಕ್ಕಿಂತ ಪದಗಳ ಸಂದು ಸಮವಿರುವುದು ಮುಖ್ಯ ಎಂಬುದು ಅವನ ವಾದ. 2008ರ ಡಬ್ಲ್ಯುಸಿಎಜಿ 2.0, ಅಂದರೆ ಜಾಲಪುಟಗಳು ಎಲ್ಲರಿಗೂ ಓದಲು ಬರಬೇಕೆಂದು ಮಾಡಿದ ಮಾರ್ಗಸೂಚಿ, ತನ್ನ ಅತ್ಯುನ್ನತ ಮಟ್ಟದಲ್ಲಿ ಪಠ್ಯವನ್ನು ಜಸ್ಟಿಫೈ ಮಾಡಬೇಡಿ ಎಂದೇ ಹೇಳುತ್ತದೆ. ಓದಲು ಕಷ್ಟಪಡುವವರಿಗೆ ಆ ಬಿಳಿ ಹೊಳೆಗಳು ಸಾಲು ತಪ್ಪಿಸುತ್ತವೆ.

ನಡುಸಾಲಿನ ಚಪಲವೂ ನಮ್ಮಲ್ಲಿ ಕಮ್ಮಿಯಿಲ್ಲ. ಶೀರ್ಷಿಕೆಗೆ, ಆಹ್ವಾನ ಪತ್ರಿಕೆಗೆ ಸರಿ. ಆದರೆ ಮೊಬೈಲಿನಲ್ಲಿ ಹಂಚುವ ಪದ್ಯವನ್ನೆಲ್ಲ ನಡುವಿಗೆ ತಳ್ಳುತ್ತಾರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ ಹದಿನಾಲ್ಕು ಮಾತ್ರೆ, ಮೂರು ಮತ್ತು ಆರನೆಯದಕ್ಕೆ ಇಪ್ಪತ್ತಮೂರು. ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಎಡ ಅಂಚಿಗೆ ಒತ್ತಿ ಅಚ್ಚುಹಾಕಿದರೆ ಆ ಎರಡನೆಯ ಅಕ್ಷರಗಳು ಒಂದರ ಕೆಳಗೊಂದು ಬಂದು ಪ್ರಾಸ ಕಿವಿಗೆ ಮುಂಚೆ ಕಣ್ಣಿಗೇ ಬೀಳುತ್ತದೆ. ನಡುವಿಗೆ ತಂದರೆ ಆ ಕಂಬವೇ ಕುಸಿಯಿತು. ಉದ್ದದ ಸಾಲು ಕಿರಿದಾದ ಪರದೆಯಲ್ಲಿ ಮುರಿದು ಷಟ್ಪದಿ ಅಷ್ಟಪದಿಯಾಗುವುದಂತೂ ದಿನನಿತ್ಯದ ನೋಟ. ಮುರಿದ ತುಂಡು ತುಸು ಒಳಗೆ ಸರಿದು ಶುರುವಾಗುವಂತೆ ಮಾಡಲು ಸಿಎಸ್‌ಎಸ್‌ನಲ್ಲಿ ಎರಡು ಸಾಲಿನ ಸೂತ್ರ ಸಾಕು: ಎಡಕ್ಕೆ ಒಂದಿಷ್ಟು ಪ್ಯಾಡಿಂಗ್, ಮೊದಲ ಸಾಲಿಗೆ ಅಷ್ಟೇ ಋಣ ಇಂಡೆಂಟ್. ಆಗ ಎಷ್ಟು ಮುರಿದರೂ ಸಾಲು ಆರೇ ಎಂದು ಓದುಗರಿಗೆ ತಿಳಿಯುತ್ತದೆ.

ಶೀರ್ಷಿಕೆ ಅಗಲವಾಗಿ ಕಾಣಲೆಂದು ‘ಆ ಹ್ವಾ ನ’ ಎಂದು ಅಕ್ಷರಕ್ಕೊಂದು ಸ್ಪೇಸ್ ಹಾಕುವವರಿಗೂ ಒಂದು ಮಾತು. ಹಾಗೆ ಬರೆದದ್ದನ್ನು ಕಂಪ್ಯೂಟರ್ ಪದವೆಂದು ಎಣಿಸುವುದಿಲ್ಲ. ‘ಆಹ್ವಾನ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶ ಒಂದೊಂದೇ ಅಕ್ಷರವನ್ನು ಕಕ್ಕುತ್ತದೆ. ಅದೇ ಅಂದವನ್ನು ಅಕ್ಷರಗಳ ನಡುವಿನ ಅಂತರದ ಸೆಟ್ಟಿಂಗಿನಿಂದ ತಂದರೆ ಪದ ಪದವಾಗಿಯೇ ಉಳಿಯುತ್ತದೆ.

ನನ್ನ ತೀರ್ಪು ಇಷ್ಟು. ಮೊಬೈಲ್ ಪರದೆಯ ಕನ್ನಡಕ್ಕೆ ಎಡಸಾಲೇ ಸರಿ, ಬಲ ಅಂಚು ಹೇಗಾದರೂ ಇರಲಿ. ಅಚ್ಚಿನ ಪುಸ್ತಕಕ್ಕೆ ಜಸ್ಟಿಫೈ ಮಾಡಬಹುದು, ಹೈಫನೇಷನ್ ಆನ್ ಇದ್ದರೆ ಮಾತ್ರ. ಪತ್ರಿಕೆಯ ಕಿರಿದಾದ ಕಾಲಮಿಗೆ ಪದ ಒಡೆಯುವ ಧೈರ್ಯವಿಲ್ಲದಿದ್ದರೆ ಜಸ್ಟಿಫೈ ಮುಟ್ಟಲೇಬಾರದು.

ಆ ಇನ್ನೂರು ಚಿಲ್ಲರೆ ಪುಟಗಳ ಕಡತ ಏನಾಯಿತು ಎಂದು ಕೇಳುತ್ತೀರೇನೋ. ಸ್ಪೇಸುಗಳನ್ನೆಲ್ಲ ಹುಡುಕಿ ಅಳಿಸಿ, ಪ್ರತಿ ಸಾಲಿಗೂ ಒಂದೇ ಒಂದು ಬಲ ಟ್ಯಾಬ್ ಇಟ್ಟೆ. ಎರಡು ದಿನ ಹಿಡಿಯಿತು. ವರ್ಡಿನಲ್ಲಿ ರೂಲರಿನ ಎಡತುದಿಯ ಪುಟ್ಟ ಚೌಕವನ್ನು ಬಲ ಟ್ಯಾಬಿನ ಗುರುತು ಬರುವವರೆಗೆ ಒತ್ತಿ, ಬಲ ಅಂಚಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ‘ಸಂಖ್ಯೆ’ ಬರೆದು ಟ್ಯಾಬ್ ಒತ್ತಿ ‘ದಿನಾಂಕ’ ಬರೆದರಾಯಿತು. ಮುಂದಿನ ಪತ್ರ ಟೈಪ್ ಮಾಡುವಾಗ ದಯವಿಟ್ಟು ಒಮ್ಮೆ ಮಾಡಿನೋಡಿ.